ಫೈರ್‌ಮನ್ ಟ್ರೈನಿಂಗ್‌ಗೆ ಹೊರಟಿರೋ ತಮ್ಮನಿಗೆ ಎತ್ತರ ಅಂದ್ರೆ ಭಯ, ಏನ್ ಮಾಡ್ಲಿ?

ದಾವಣಗೆರೆ ಅಕ್ಕ:
ನಮಸ್ಕಾರ ಎಲ್ರಿಗೂ. ನನ್ ತಮ್ಮ ಫೈರ್‌ಮನ್ ಆಗಿ ಸೆಲೆಕ್ಟ್ ಆಗಿದಾನೆ, ಇನ್ನೇನು ಬನ್ನೇರುಘಟ್ಟ ರಸ್ತೆಯ ಆರ್.ಎ. ಮುಂಡ್ಕೂರ್ ಅಕಾಡೆಮಿಗೆ ಟ್ರೈನಿಂಗ್‌ಗೆ ಹೊರಡ್ಬೇಕು. ಓಟ ಎಲ್ಲಾ ಸಲೀಸು, ಆದ್ರೆ ಎತ್ತರ ಅಂದ್ರೆ ಆಗಲ್ಲ, ನಮ್ ಮನೆ ತಾರಸಿ ಅಂಚಿಗೆ ಬಂದ್ರೂ ಗೋಡೆ ಹಿಡ್ಕೊಂಡು ನಿಲ್ತಾನೆ. ಏಣಿ ಡ್ರಿಲ್‌ನಲ್ಲಿ ಹೆದರಿದ್ರೆ ವಾಪಸ್ ಕಳಿಸ್ಬಿಡ್ತಾರಾ? ಫಸ್ಟ್ ಏಡ್ ಏನಾದ್ರೂ ಮೊದ್ಲೇ ಕಲ್ತು ಹೋದ್ರೆ ಒಳ್ಳೇದಾ?

ಧಾರವಾಡದಾಂವ:
ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನಾ ಇದ ಸರ್ವಿಸ್‌ನಾಗ ಅದೀನಿ, ಟ್ರೈನಿಂಗ್ ಟೈಮಿಗೆ ನನಗೂ ಏಣಿ ಮ್ಯಾಲ ಕಾಲು ನಡಗತಿದ್ವು, ನಮ್ಮ ಬ್ಯಾಚ್‌ನಾಗ ಅಂಜಿಕಿ ಅಂತ ಯಾರನ್ನೂ ಮನಿಗಿ ಕಳಸ್ಲಿಲ್ಲ. ಎರಡು ಕೈ ಒಂದು ಕಾಲು, ಇಲ್ಲಾ ಎರಡು ಕಾಲು ಒಂದು ಕೈ, ಯಾವಾಗ್ಲೂ ಹಿಂಗ ಮೂರು ಅಂಗ ಏಣಿಗೆ ತಾಗಿರಬೇಕು, ಕಣ್ಣು ಎದುರಿನ ಮೆಟ್ಟಲ ಮ್ಯಾಲ. ದಿನಾ ಹತ್ತಿ ಹತ್ತಿ ಅಂಜಿಕಿ ಕರಗತೈತಿ.

ಖರೇ ಹೇಳ್ತೀನಿ, ಏಣಿಗಿಂತ ಬಿಎ ಸೆಟ್, ಅಂದ್ರ ಬೆನ್ನಿಗೆ ಗಾಳಿ ಸಿಲಿಂಡರ್, ಮುಖಕ್ಕ ಮಾಸ್ಕ್ ಇರೂ ಉಸಿರಾಟದ ಸಾಧನ, ಮನಸ್ಸಿಗೆ ಕಠಿಣ. ಮಾಸ್ಕ್ ಹಾಕ್ಕೊಂಡು ಹೊಗಿ ತುಂಬಿದ ಕತ್ತಲ ಖೋಲ್ಯಾಗ ಮೊಣಕಾಲಿನ ಮ್ಯಾಲ ಹೋಗಬೇಕು, ತನ್ನ ಉಸಿರಿನ ಸಪ್ಪಳ ಬಿಟ್ಟರ ಏನೂ ಕೇಳಂಗಿಲ್ಲ. ಗೋಡಿ ಮುಟ್ಟೂವಾಗ ಅಂಗೈ ಅಲ್ಲ, ಕೈ ಹಿಂಭಾಗ ಮುಟ್ಟಸಬೇಕು, ಯಾಕಂದ್ರ ಕರೆಂಟ್ ಇದ್ರ ಬೆರಳು ಮಡಚಿ ವೈರ್ ಬಿಗಿಯಾಗಿ ಹಿಡದುಬಿಡ್ತಾವು. 300 ಬಾರ್ ಒತ್ತಡಕ್ಕ ಗಾಳಿ ತುಂಬಿದ ಸಿಲಿಂಡರ್ ಆದ್ರೂ ಗಾಬರಿಲೆ ಉಸಿರಾಡಿದ್ರ ಲಗೂನ ಖಾಲಿ. ಒತ್ತಡ ಸುಮಾರು 55 ಬಾರ್‌ಗೆ ಇಳದಾಗ ಸೆಟ್ ತಾನ ಸೀಟಿ ಹೊಡಿತೈತಿ, ಆದ್ರ ಅಲ್ಲೀತನಾ ಒಳಗ ಇರಬಾರ್ದು, ಹೊರಗ ಬರಾಕೂ ಗಾಳಿ ಬೇಕಲ್ರಿ. ತಮ್ಮಗ ಈಗಿಂದನ ನಿಧಾನ ಉಸಿರಾಡೂದು ರೂಢಿ ಮಾಡಸ್ರಿ.

ಆಂಬ್ಯುಲೆನ್ಸ್ ಗೆಳತಿ:
ಹೊಗೆ ಬಗ್ಗೆ ಇವ್ರು ಹೇಳಿದ್ದು ನೂರಕ್ಕೆ ನೂರು ನಿಜ. 2010ರಲ್ಲಿ ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು 9 ಜನ ತೀರ್ಕೊಂಡ್ರಲ್ಲ, ಹೊಗೆ ತಡೆಯೋಕಾಗ್ದೆ ಜನ ಮೇಲಿಂದ ಹಾರಿದ್ರು, ಈಗ ನೆನೆಸ್ಕೊಂಡ್ರೂ ಹೊಟ್ಟೆ ತೊಳಸುತ್ತೆ.

ನಾನು ಇಎಂಟಿ, ಅಂದ್ರೆ ಆಂಬ್ಯುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡೋಳು. ಸಿಪಿಆರ್, ಅಂದ್ರೆ ಹೃದಯ ನಿಂತೋರ ಎದೆ ಒತ್ತೋದು, ಅಂತೂ ಕಲ್ತೇ ಹೋಗ್ಲಿ. ನಿಮಿಷಕ್ಕೆ 100ರಿಂದ 120 ಸಲ, 5-6 ಸೆಂಟಿಮೀಟರ್ ಆಳ, ಒತ್ತಿದ್ಮೇಲೆ ಎದೆ ಪೂರ್ತಿ ಮೇಲೆ ಬರೋಕೆ ಬಿಡ್ಬೇಕು. ಎರಡು ನಿಮಿಷಕ್ಕೇ ಭುಜ ಸೋಲುತ್ತೆ, ಆಗ ಇನ್ನೊಬ್ರಿಗೆ ಬಿಟ್ಕೊಡ್ಬೇಕು.

ಇನ್ನೊಂದು, ಬೆಂಕಿಯಿಂದ ಹೊರಗೆ ತಂದೋರು ಮಾತಾಡ್ತಿದಾರೆ, ಆಕ್ಸಿಮೀಟರ್ 98 ತೋರಿಸ್ತಿದೆ ಅಂತ ಬಿಟ್ಬಿಡ್ಬಾರ್ದು. ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಸೇರಿದ್ರೂ ಆ ಮಷಿನ್ ಅದನ್ನ ಆಮ್ಲಜನಕ ಅಂತಲೇ ಲೆಕ್ಕ ಹಾಕುತ್ತೆ. ಮೂಗಿನ ಹೊಳ್ಳೆಯಲ್ಲಿ ಮಸಿ ಇದೆಯಾ, ದನಿ ಗೊಗ್ಗರಾಗಿದೆಯಾ ನೋಡ್ಬೇಕು, ಇದ್ರೆ ಗಂಟಲು ಒಳಗೆ ಊದ್ಕೊಳ್ತಿರಬಹುದು, ತಕ್ಷಣ ಆಕ್ಸಿಜನ್ ಹಾಕಿ ಆಸ್ಪತ್ರೆಗೆ ಓಡಿಸ್ಬೇಕು.

ದಾವಣಗೆರೆ ಅಕ್ಕ:
ಇಬ್ರಿಗೂ ತುಂಬಾ ಥ್ಯಾಂಕ್ಸ್, ತಮ್ಮಂಗೆ ಕೂರಿಸ್ಕೊಂಡು ಎಲ್ಲಾ ಓದಿ ಹೇಳ್ದೆ. ಸಂಜೆ ಅಟ್ಟದ ಏಣಿ ಅಂಗಳಕ್ಕೆ ತಂದು ಗೋಡೆಗೆ ಒರಗಿಸಿ ಹತ್ತಿದ, ಅಪ್ಪ ಕೆಳಗೆ ಏಣಿ ಹಿಡ್ಕೊಂಡಿದ್ರು, ಆರನೇ ಮೆಟ್ಟಿಲಲ್ಲಿ ಸುಮಾರು ಹೊತ್ತು ನಿಂತಿದ್ದು ಇಳಿದ. ನಾಳೆ ಏಳನೇ ಮೆಟ್ಟಿಲಂತೆ.