ಬೈರಮಂಗಲ ಅಚ್ಚುಕಟ್ಟಿನ ಮಣ್ಣಿನಲ್ಲಿ ಸೊಪ್ಪು ಬೆಳೆಯಬಹುದೇ?

ಪ್ರಶ್ನೆ:
ಬಿಡದಿ ಬಳಿಯ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿ ನಮಗೆ ಒಂದೂವರೆ ಎಕರೆ ಜಮೀನಿದೆ. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತ ವೃಷಭಾವತಿಯೇ ಈ ಕೆರೆಗೆ ಬಂದು ಬೀಳುತ್ತದೆ. ನಮ್ಮ ತಂದೆಯವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾಲೆಯ ಆ ನೊರೆನೀರನ್ನೇ ಹಾಯಿಸಿ ಬೇಬಿಕಾರ್ನ್ ಮತ್ತು ಸೀಮೆಹುಲ್ಲು ಬೆಳೆದರು. ಆರು ವರ್ಷಗಳಿಂದ ನಾನು ಕೊಳವೆಬಾವಿಯ ನೀರನ್ನಷ್ಟೇ ಕೊಡುತ್ತಿದ್ದೇನೆ. ಈಗ ಪಾಲಕ್, ದಂಟು, ಕೊತ್ತಂಬರಿ ಹಾಕುವ ಯೋಚನೆಯಿದೆ. ಮಾರುವುದಲ್ಲದೆ ಮನೆಯ ಮಕ್ಕಳೂ ಅದನ್ನೇ ತಿನ್ನುತ್ತಾರೆ. ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರ (pH) 7.9 ಎಂದೂ, ಸತು, ತಾಮ್ರ ಸಾಕಷ್ಟಿವೆ ಎಂದೂ ಬಂದಿದೆ. ಇಷ್ಟನ್ನು ನಂಬಿ ಮುಂದುವರಿಯಬಹುದೇ? ಸುಣ್ಣ ಹಾಕಿದರೆ ವಿಷದ ಲೋಹಗಳು ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತವೆ ಎಂದು ಗೊಬ್ಬರದಂಗಡಿಯವರು ಹೇಳುತ್ತಾರೆ, ಅದು ಸರಿಯೇ?

ಉತ್ತರ 1:
ಆ ಚೀಟಿಯಲ್ಲಿ ಇರುವುದು 12 ಅಂಶಗಳು ಮಾತ್ರ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಅದರಲ್ಲಿ ಇಲ್ಲವೇ ಇಲ್ಲ. ಅದು ಬೆಳೆಗೆ ಏನು ಸಾಲದು ಎಂದು ಹೇಳುವ ಚೀಟಿಯೇ ಹೊರತು, ಏನು ಹೆಚ್ಚಾಗಿದೆ ಎಂದು ಹೇಳುವುದಲ್ಲ. ಆದರೂ ಅದರಲ್ಲೊಂದು ಸುಳಿವಿದೆ. ಸತುವಿನ ಅಂಕಿ ನೋಡಿ: 0.6 ಪಿಪಿಎಂಗಿಂತ (ಕಿಲೋ ಮಣ್ಣಿಗೆ 0.6 ಮಿಲಿಗ್ರಾಂ) ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ. ನೀವು ಸತುವಿನ ಸಲ್ಫೇಟ್ ಹಾಕದಿದ್ದರೂ ಅದರ ಹತ್ತು ಪಟ್ಟು ಬಂದಿದ್ದರೆ, ಅದು ನಾಲೆಯ ನೀರಿನೊಡನೆಯೇ ಬಂದಿರುವ ಸಾಧ್ಯತೆ ಹೆಚ್ಚು; ಸತು ಬಂದ ದಾರಿಯಲ್ಲಿ ಬೇರೆ ಲೋಹಗಳೂ ಬಂದಿರುತ್ತವೆ.

ಮಣ್ಣನ್ನು ಆಮ್ಲದಲ್ಲಿ ಕರಗಿಸಿ ಒಟ್ಟು ಲೋಹಗಳನ್ನು ಅಳೆಯುವ ಪ್ರಯೋಗಾಲಯಕ್ಕೆ ಕೊಡಿ. ಮಾದರಿಯನ್ನು ಸತುವಿನ ಲೇಪವಿರುವ ತಗಡಿನ ಸಲಿಕೆಯಿಂದ ತೆಗೆಯಬೇಡಿ, ಅದರ ಸತುವೇ ಮಣ್ಣಿಗೆ ಅಂಟುತ್ತದೆ. ಮರದ ಚಕ್ಕೆ ಸಾಕು. ನೀರು ಮೊದಲು ಬೀಳುವ ಮಡಿಯ ಮಣ್ಣನ್ನೂ ಕೊನೆಯ ಮಡಿಯ ಮಣ್ಣನ್ನೂ ಬೆರೆಸದೆ ಬೇರೆ ಬೇರೆ ಚೀಲಕ್ಕೆ ಹಾಕಿ. ಲೋಹ ಹೂಳಿಗೆ ಅಂಟಿ ಬರುವುದರಿಂದ ಮೊದಲ ಮಡಿಯಲ್ಲೇ ಹೆಚ್ಚು ಕೂತಿರುತ್ತದೆ.

ಉತ್ತರ 2:
ಸುಣ್ಣದ ಸಲಹೆ ಹುಳಿ ಮಣ್ಣಿಗೆ ಸರಿ. ಅಲ್ಲಿ ರಸಸಾರ ಏರಿದಂತೆ ಕ್ಯಾಡ್ಮಿಯಂ, ನಿಕ್ಕಲ್, ಸೀಸ ಬೇರಿಗೆ ಸುಲಭವಾಗಿ ಸಿಗುವುದಿಲ್ಲ. ನಿಮ್ಮ ಮಣ್ಣು ಈಗಾಗಲೇ 7.9ರಲ್ಲಿದೆ, ಅಂದರೆ ಕ್ಷಾರದ ಕಡೆಗಿದೆ, ಸುಣ್ಣದಿಂದ ಹೆಚ್ಚೇನೂ ಆಗದು. ಇನ್ನೊಂದು ತೊಡಕೂ ಇದೆ: ಲೋಹಕ್ಕೆ ಲೇಪನ ಕೊಡುವ ಕಾರ್ಖಾನೆಗಳಿಂದ ಬರುವ ಷಡ್ವೇಲೆನ್ಸಿಯ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಕ್ಷಾರ ಮಣ್ಣಿನಲ್ಲಿ ಕಟ್ಟಿಕೊಳ್ಳುವ ಬದಲು ನೀರಿನೊಡನೆ ಹರಿದಾಡುತ್ತದೆ. ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ವಾಸಿ, ಏಕೆಂದರೆ ಸಾವಯವ ಅಂಶವು ಅದನ್ನು ಅಷ್ಟು ಅಪಾಯವಿಲ್ಲದ, ಚಲಿಸದ ತ್ರಿವೇಲೆನ್ಸಿಯ ರೂಪಕ್ಕೆ ಇಳಿಸುತ್ತದೆ.

ಆರು ವರ್ಷ ನಾಲೆಯ ನೀರು ನಿಲ್ಲಿಸಿದ್ದರಿಂದ ಹೊಸ ಸೇರ್ಪಡೆ ನಿಂತಿತೇ ಹೊರತು, ಹಳೆಯದು ಹೋಗಿಲ್ಲ. ಕೊಳವೆಬಾವಿಯ ನೀರನ್ನೂ ಪರೀಕ್ಷಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಕ್ರೋಮಿಯಂ 0.05 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ ಮೀರುವಂತಿಲ್ಲ. ಸೊಪ್ಪನ್ನು ಮಾತ್ರ ಸದ್ಯಕ್ಕೆ ಬಿಡಿ. ತೊಳೆದರೆ ಎಲೆಯ ಮೇಲಿನ ಧೂಳು ಹೋದೀತು, ಬೇರಿನಿಂದ ಏರಿದ ಕ್ಯಾಡ್ಮಿಯಂ ಹೋಗದು.

ಉತ್ತರ 3:
ಸೂರ್ಯಕಾಂತಿ ಹಾಕಿ ಲೋಹವನ್ನು ಹೀರಿಸಿ ಎಂಬ ಮಾತು ಇಲ್ಲೂ ಬಂದೇ ಬರುತ್ತದೆ. ಅದಕ್ಕೆ ಎಷ್ಟೋ ವರ್ಷ ಬೇಕು, ಮೇಲಾಗಿ ಕಿತ್ತ ಗಿಡವನ್ನು ದನಕ್ಕೆ ಹಾಕುವಂತಿಲ್ಲ, ತಿಪ್ಪೆಗೂ ಎಸೆಯುವಂತಿಲ್ಲ. ಹೂವಿನ ಬೆಳೆ ಇದಕ್ಕಿಂತ ಸರಳ. ಸೊಪ್ಪು ಆಗುತ್ತದೆಯೇ ಎಂದು ತಿಳಿಯಬೇಕಾದರೆ, ತಿನ್ನಲಿಕ್ಕಲ್ಲದೆ ಪರೀಕ್ಷೆಗೆಂದೇ ಒಂದು ಮಡಿಯಲ್ಲಷ್ಟೇ ದಂಟು ಬೆಳೆದು ಎಲೆಯನ್ನೇ ಪರೀಕ್ಷೆಗೆ ಕಳಿಸಿ. ಹಸಿ ಸೊಪ್ಪಿನಲ್ಲಿ ಕಿಲೋಗೆ ಕ್ಯಾಡ್ಮಿಯಂ 0.2 ಮಿಲಿಗ್ರಾಂ, ಸೀಸ 0.3 ಮಿಲಿಗ್ರಾಂ ಎಂಬುದು ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ. ಮಣ್ಣಿನ ಅಂಕಿಗಿಂತ ಎಲೆಯ ಅಂಕಿಯೇ ನಿಮಗೆ ಹೆಚ್ಚು ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಚೀಟಿ ತೆಗೆದು ನೋಡಿದೆ, ಸತು 8.6 ಇದೆ, ಸತುವಿನ ಸಲ್ಫೇಟನ್ನು ನಾವು ಎಂದೂ ಹಾಕಿದವರಲ್ಲ. ತೂಬಿನ ಪಕ್ಕದ ಮಡಿಯನ್ನು ಅಗೆದಾಗ ಒಂದು ಗೇಣಿನಷ್ಟು ಕಪ್ಪು ಹೂಳು ಪದರವಾಗಿ ಕಂಡಿತು. ಎರಡೂ ಮಡಿಗಳ ಮಣ್ಣನ್ನೂ ಬಾವಿಯ ನೀರನ್ನೂ ಈ ವಾರವೇ ಕಳಿಸುತ್ತೇನೆ. ಕೊತ್ತಂಬರಿ ಬೀಜವನ್ನು ಅಂಗಡಿಗೆ ಹಿಂದಿರುಗಿಸಿ ಬಂದಿದ್ದೇನೆ.