ಹೊಸ ಪ್ರಾದೇಶಿಕ ಡಾರ್ಟ್ಸ್ ಟೂರ್: ವರ್ಷಕ್ಕೆ 6 ಟೂರ್ನಿ ಸಾಕಾಗುತ್ತದೆಯೇ?

ಪ್ರಶ್ನೆ: ಟ್ರೆಬಲ್‌ಇಪ್ಪತ್ತು

ಅಕ್ಕಪಕ್ಕದ ಕೆಲವು ಕ್ಲಬ್‌ಗಳು ಸೇರಿ ವೃತ್ತಿಪರ ಮಟ್ಟದ ಒಂದು ಸ್ಟೀಲ್ ಟಿಪ್ (ಉಕ್ಕಿನ ಮೊನೆಯ ಡಾರ್ಟ್) ಟೂರ್ ಶುರು ಮಾಡಲು ಹೊರಟಿವೆ. ಈಗಿನ ಕರಡು ಹೀಗಿದೆ: ಎರಡು ತಿಂಗಳಿಗೊಂದರಂತೆ ವರ್ಷಕ್ಕೆ 6 ಟೂರ್ನಿ, ಪ್ರತಿಯೊಂದೂ ಒಂದು ದಿನದ್ದು. 64 ಆಟಗಾರರು, ನೇರ ನಾಕೌಟ್, 501 (501ರಿಂದ ಅಂಕ ಕಳೆಯುತ್ತಾ ಸೊನ್ನೆಗೆ ತರುವ ಆಟ, ಅಂಥ ಒಂದು ಆಟವೇ ಒಂದು ಲೆಗ್), ಬೆಸ್ಟ್ ಆಫ್ 9 ಲೆಗ್ (ಮೊದಲು 5 ಲೆಗ್ ಗೆದ್ದವರಿಗೆ ಪಂದ್ಯ). ಬಹುಮಾನದ ಅರ್ಧ ಗೆದ್ದವರಿಗೆ, ಉಳಿದದ್ದು ರನ್ನರ್ ಅಪ್ ಮತ್ತು ಸೆಮಿಫೈನಲ್‌ನಲ್ಲಿ ಸೋತವರಿಗೆ. ಕೈಯಲ್ಲಿ 8 ಬೋರ್ಡ್ ಇವೆ. ಎರಡನೇ ವರ್ಷಕ್ಕೂ ಆಟಗಾರರು ಉಳಿಯಬೇಕು ಅನ್ನುವುದೇ ಮುಖ್ಯ ಗುರಿ. ಇದರಲ್ಲಿ ಏನು ಬದಲಿಸಬೇಕು?

ಉತ್ತರ 1: ಡಬಲ್‌ಹದಿನಾರು

ಮೊದಲು ಕ್ಯಾಲೆಂಡರ್ ಬದಲಿಸಿ. ದೂರದಿಂದ ಬರುವವರಿಗೆ ಪ್ರಯಾಣ ಮತ್ತು ವಸತಿಯೇ ದೊಡ್ಡ ಖರ್ಚು. ಅಷ್ಟು ಖರ್ಚು ಮಾಡಿ ಬಂದವರು ಮೊದಲ ಸುತ್ತಿನಲ್ಲಿ ಸೋತು ಅರ್ಧ ಗಂಟೆಯಲ್ಲೇ ವಾಪಸು ಹೊರಟರೆ ಮೂರನೇ ಸಲ ಬರುವುದಿಲ್ಲ. ವೃತ್ತಿಪರ ಡಾರ್ಟ್ಸ್ ನಡೆಸುವ ಸಂಸ್ಥೆಯಾದ ಪಿಡಿಸಿಯ ಚಾಲೆಂಜ್ ಟೂರ್ (ಅದರ ಎರಡನೇ ಹಂತದ ಟೂರ್) ಒಂದೇ ವಾರಾಂತ್ಯದಲ್ಲಿ ಒಂದೇ ಸ್ಥಳದಲ್ಲಿ ಹಲವು ಟೂರ್ನಿ ನಡೆಸುತ್ತದೆ. 2018ರಲ್ಲಿ ಶುರುವಾದ ಪಿಡಿಸಿಯ ಏಷ್ಯನ್ ಟೂರ್ ಕೂಡ ಅದೇ ದಾರಿ ಹಿಡಿದಿದೆ. ವರ್ಷಕ್ಕೆ ಮೂರೇ ವಾರಾಂತ್ಯ ಇಟ್ಟುಕೊಳ್ಳಿ, ಪ್ರತಿ ವಾರಾಂತ್ಯದಲ್ಲಿ ದಿನಕ್ಕೆ ಎರಡರಂತೆ ನಾಲ್ಕು ಟೂರ್ನಿ. ಒಟ್ಟು 12 ಆಗುತ್ತವೆ, ಆಟಗಾರ ಪ್ರಯಾಣ ಮಾಡುವುದು ಮಾತ್ರ ಮೂರೇ ಸಲ. ಬೆಳಗ್ಗೆ ಸೋತವರಿಗೆ ಮಧ್ಯಾಹ್ನ ಹೊಸ ಡ್ರಾ ಕಾದಿರುತ್ತದೆ.

ಎರಡನೆಯದು ಬಹುಮಾನ. ಅರ್ಧವನ್ನು ಒಬ್ಬರಿಗೇ ಕೊಟ್ಟರೆ ಪೋಸ್ಟರ್ ಚೆನ್ನಾಗಿ ಕಾಣುತ್ತದೆ, ಟೂರ್ ಮಾತ್ರ ಕೆಳಗಿನಿಂದ ಸೊರಗುತ್ತದೆ. ನಾನು ಹಂಚುವುದಾದರೆ ಹೀಗೆ: ಗೆದ್ದವರಿಗೆ 20%, ರನ್ನರ್ ಅಪ್‌ಗೆ 12%, ಸೆಮಿಯಲ್ಲಿ ಸೋತ ಇಬ್ಬರಿಗೆ ತಲಾ 8%, ಕ್ವಾರ್ಟರ್‌ನಲ್ಲಿ ಸೋತ ನಾಲ್ವರಿಗೆ ತಲಾ 5%, ಕೊನೆಯ 16ರಲ್ಲಿ ಸೋತ ಎಂಟು ಮಂದಿಗೆ ತಲಾ 2%, ಕೊನೆಯ 32ರಲ್ಲಿ ಸೋತ ಹದಿನಾರು ಮಂದಿಗೆ ತಲಾ 1%. ಕೂಡಿದರೆ ಸರಿಯಾಗಿ 100. ಒಂದು ಪಂದ್ಯ ಗೆದ್ದರೂ ಏನಾದರೂ ಸಿಗುತ್ತದೆ. ಎಲ್ಲರ ಪ್ರವೇಶ ಶುಲ್ಕ ಒಂದೇ ಇದ್ದು, ಅದಷ್ಟನ್ನೂ ಬಹುಮಾನಕ್ಕೇ ಹಾಕಿದರೆ 64 ಜನರಲ್ಲಿ ಒಬ್ಬೊಬ್ಬರ ಪಾಲು ಸುಮಾರು 1.56% ಆಗುತ್ತದೆ. ಅಂದರೆ ಎರಡು ಪಂದ್ಯ ಗೆದ್ದವರಿಗೆ ಶುಲ್ಕಕ್ಕಿಂತ ಸ್ವಲ್ಪ ಹೆಚ್ಚೇ ವಾಪಸು ಬರುತ್ತದೆ. ಹಾಲ್, ಸ್ಕೋರಿಂಗ್, ರೆಫ್ರಿಗಳ ಖರ್ಚನ್ನು ಶುಲ್ಕದಿಂದ ತೆಗೆಯಬೇಡಿ. ಅದು ಪ್ರಾಯೋಜಕರಿಂದಲೇ ಬರಬೇಕು.

ಉತ್ತರ 2: ಓಕಿಗೆರೆ

ಮೇಲಿನ ಸಲಹೆ ಸರಿ, ಆದರೆ 8 ಬೋರ್ಡ್‌ನಲ್ಲಿ ಅದು ನಡೆಯುವುದಿಲ್ಲ. ಲೆಕ್ಕ ನೋಡಿ. 75 ಆವರೇಜ್ (ಮೂರು ಡಾರ್ಟ್‌ನ ಒಂದು ಸರದಿಗೆ ಸರಾಸರಿ ಅಂಕ) ಇರುವವರಿಗೆ ಒಂದು ಲೆಗ್ ಮುಗಿಸಲು ಸುಮಾರು 20 ಡಾರ್ಟ್, ಅಂದರೆ ಏಳು ಸರದಿ ಬೇಕು. ಎದುರಾಳಿಯದೂ ಸೇರಿದರೆ ಲೆಗ್‌ಗೆ ಮೂರೂವರೆ ನಿಮಿಷ. ಬೆಸ್ಟ್ ಆಫ್ 9ರಲ್ಲಿ ಸಾಮಾನ್ಯವಾಗಿ ಏಳೆಂಟು ಲೆಗ್ ಆಗುತ್ತವೆ. ವಾರ್ಮ್‌ಅಪ್ ಸೇರಿಸಿ ಪಂದ್ಯಕ್ಕೆ 30 ನಿಮಿಷ ಹಿಡಿಯಿರಿ. 8 ಬೋರ್ಡ್‌ನಲ್ಲಿ 64 ಜನರ ಡ್ರಾ ಮುಗಿಯಲು 4+2+1+1+1+1, ಒಟ್ಟು 10 ಸ್ಲಾಟ್, 5 ಗಂಟೆ. 16 ಬೋರ್ಡ್ ಇದ್ದರೆ 7 ಸ್ಲಾಟ್, ಮೂರೂವರೆ ಗಂಟೆ. ದಿನಕ್ಕೆರಡು ಟೂರ್ನಿ ಆಗಬೇಕಾದರೆ 16 ಬೇಕೇ ಬೇಕು.

ಇನ್ನೊಂದು ಎಚ್ಚರಿಕೆ. ಹೊಸ ಟೂರ್‌ಗೆ ಬರುವ ಅರ್ಧದಷ್ಟು ಜನರ ಆವರೇಜ್ 55ರ ಆಸುಪಾಸು ಇರಬಹುದು. ಅವರು ಡಬಲ್‌ನಲ್ಲಿ (ಲೆಗ್ ಮುಗಿಸಲು ಹೊಡೆಯಲೇಬೇಕಾದ ಹೊರಗಿನ ಕಿರುಪಟ್ಟಿ) ಒದ್ದಾಡಿದರೆ ಲೆಗ್‌ಗೆ 5 ನಿಮಿಷ ಮೀರುತ್ತದೆ, 30 ನಿಮಿಷದ ಸ್ಲಾಟ್ 45 ಆಗುತ್ತದೆ. ಮೊದಲೆರಡು ಸುತ್ತು ಬೆಸ್ಟ್ ಆಫ್ 7 ಇಡಿ. ಅದಕ್ಕಿಂತ ಕಮ್ಮಿ ಬೇಡ. ಬೆಸ್ಟ್ ಆಫ್ 5ರಲ್ಲಿ ಮೊದಲು ಎಸೆಯುವವರ ಲಾಭ ತೀರಾ ಹೆಚ್ಚು. ಯಾರು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಡಿ, ಬೋರ್ಡಿನ ನಟ್ಟನಡುವಿನ ಬುಲ್‌ಗೆ ಎಸೆಸಿ.

ಬೋರ್ಡ್ ಕಟ್ಟುವಾಗ ಸಾಮಾನ್ಯವಾಗಿ ಆಗುವ ತಪ್ಪು: 2.37 ಮೀಟರ್ ಎಸೆತದ ದೂರವನ್ನು ಗೋಡೆಯಿಂದ ಅಳೆಯುವುದು. ಅಳೆಯಬೇಕಾದದ್ದು ಬೋರ್ಡಿನ ಮುಖದಿಂದ, ಓಕಿಯ (ಎಸೆಯುವಾಗ ದಾಟಬಾರದ ಗೆರೆ ಪಟ್ಟಿ) ಹಿಂದಿನ ಅಂಚಿಗೆ, ಅಂದರೆ ಆಟಗಾರ ನಿಲ್ಲುವ ಬದಿಗೆ. ಬೋರ್ಡಿನ ದಪ್ಪವನ್ನು ಮರೆತರೆ ಆಟಗಾರ ನಾಲ್ಕು ಸೆಂಟಿಮೀಟರಿನಷ್ಟು ಹತ್ತಿರ ನಿಲ್ಲುತ್ತಾನೆ. ಬುಲ್‌ನ ನಡುಬಿಂದು ನೆಲದಿಂದ 1.73 ಮೀಟರ್. ಇದೆಲ್ಲ ಆದ ಮೇಲೆ ಬುಲ್‌ನಿಂದ ಓಕಿಗೆ ಕರ್ಣ ಅಳೆಯಿರಿ, 2.93 ಮೀಟರ್ ಬರಬೇಕು. ಬರದಿದ್ದರೆ ನೆಲ ಇಳಿಜಾರಾಗಿದೆ ಎಂದರ್ಥ. ಬಾಡಿಗೆ ಹಾಲ್‌ಗಳಲ್ಲಿ ಇದು ಬಹಳ.

ಟ್ರೆಬಲ್ 20ರ (20ಕ್ಕೆ ಮೂರುಪಟ್ಟು ಅಂಕ ಕೊಡುವ ಕಿರುಪಟ್ಟಿ) ನಾರು ಬೇಗ ಉಬ್ಬಿ ಡಾರ್ಟ್ ಉದುರತೊಡಗುತ್ತದೆ. ಪ್ರತಿ ಟೂರ್ನಿಯ ನಂತರ ನಂಬರ್ ರಿಂಗ್ ಬಿಚ್ಚಿ ಬೋರ್ಡನ್ನು ಎರಡು ಮನೆ ತಿರುಗಿಸಿ. ಒಂದೇ ಮನೆ ತಿರುಗಿಸಿದರೆ 20 ಬಿಳಿ ಮನೆಗೆ ಬರುತ್ತದೆ, ಅದು ಯಾರ ಕಣ್ಣಿಗೂ ಒಗ್ಗುವುದಿಲ್ಲ.

ಪ್ರಶ್ನೆ ಕೇಳಿದವರು: ಟ್ರೆಬಲ್‌ಇಪ್ಪತ್ತು

ಇನ್ನೂ 8 ಬೋರ್ಡ್ ಹೊಂದಿಸಬಹುದು. ಆದರೆ 16 ಬೋರ್ಡ್‌ಗೂ ಸ್ಕೋರ್ ಬರೆಯುವವರು ಯಾರು? ಬೆಳಗಿನ ಫೈನಲ್ ತಡವಾದರೆ ಮಧ್ಯಾಹ್ನದ ಟೂರ್ನಿ ಕಾಯಬೇಕೇ? ರ‍್ಯಾಂಕಿಂಗ್ ಅಂಕದ ಮೇಲೋ, ಹಣದ ಮೇಲೋ?

ಉತ್ತರ 3: ಬುಲ್‌ಗುರಿ

ಬರೆಯುವವರು ಆಟಗಾರರೇ. ಸೋತವರು ಅದೇ ಬೋರ್ಡಿನ ಮುಂದಿನ ಪಂದ್ಯ ಬರೆಯಬೇಕು, ಮೊದಲ ಸ್ಲಾಟಿಗೆ ಎರಡನೇ ಸ್ಲಾಟಿನವರು ಬರೆಯುತ್ತಾರೆ. ತಪ್ಪಿಸಿಕೊಂಡರೆ ಆ ದಿನದ ಬಹುಮಾನ ಇಲ್ಲ ಎಂದು ನಿಯಮದಲ್ಲೇ ಹಾಕಿ. ದಂಡ ಬರೆಯದಿದ್ದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಬೋರ್ಡ್‌ಗಳಲ್ಲಿ ಬರೆಯಲು ಯಾರೂ ಇರುವುದಿಲ್ಲ.

ಕಾಯುವುದು ಬೇಡ. ಡ್ರಾ ಮುಟ್ಟಬೇಡಿ, ಫೈನಲ್‌ನಲ್ಲಿರುವ ಇಬ್ಬರ ಪಂದ್ಯಗಳನ್ನು ಮಾತ್ರ ಎರಡನೇ ಸ್ಲಾಟಿಗೆ ಕರೆಯಿರಿ.

ರ‍್ಯಾಂಕಿಂಗ್ ಹಣದ ಮೇಲಿರಲಿ. ಪಿಡಿಸಿಯ ಶ್ರೇಯಾಂಕ ಪಟ್ಟಿಯಾದ ಆರ್ಡರ್ ಆಫ್ ಮೆರಿಟ್ ಕೂಡ ಹಾಗೆಯೇ, ಆಟಗಾರರಿಗೆ ವಿವರಿಸಬೇಕಾದ್ದೇ ಇಲ್ಲ. 12ರಲ್ಲಿ ಉತ್ತಮ 9 ಮಾತ್ರ ಲೆಕ್ಕಕ್ಕೆ ಎಂಬ ನಿಯಮಕ್ಕೆ ನಾನು ವಿರೋಧಿ. ಮುಂದಿರುವವರು ಕೊನೆಯ ವಾರಾಂತ್ಯಕ್ಕೆ ಬರುವುದನ್ನೇ ಬಿಡುತ್ತಾರೆ. ಹಣ ಸಮ ಆದರೆ ಏನು ಎಂಬುದನ್ನು ಮೊದಲ ಡಾರ್ಟ್ ಬೀಳುವ ಮುಂಚೆಯೇ ಬರೆದಿಡಿ.

ರ‍್ಯಾಂಕಿಂಗ್‌ನ ತುದಿಯಲ್ಲಿ ಏನಿದೆ ಎಂಬುದು ಬಹುಮಾನಕ್ಕಿಂತ ದೊಡ್ಡದು. ಚಾಲೆಂಜ್ ಟೂರ್‌ನ ಮೊದಲ ಇಬ್ಬರಿಗೆ ಎರಡು ವರ್ಷದ ಟೂರ್ ಕಾರ್ಡ್ (ಪಿಡಿಸಿಯ ಮುಖ್ಯ ಟೂರ್‌ನಲ್ಲಿ ಆಡುವ ಹಕ್ಕು) ಸಿಗುತ್ತದೆ, ಏಷ್ಯನ್ ಟೂರ್‌ನ ಮುಂಚೂಣಿಯವರಿಗೆ ವಿಶ್ವ ಚಾಂಪಿಯನ್‌ಶಿಪ್‌ಗೆ ದಾರಿ ಇದೆ. ನಿಮ್ಮ ಟೂರ್‌ಗೆ ಈಗಲೇ ಅಂಥದ್ದು ಸಿಗಲಾರದು. ಹಾಗಾಗಿ ಮೊದಲ ವರ್ಷ, ಅಗ್ರ ಇಬ್ಬರಿಗೆ ಟೂರ್ ಕಾರ್ಡ್ ಗೆಲ್ಲುವ ಅರ್ಹತಾ ಟೂರ್ನಿಯಾದ ಕ್ಯೂ ಸ್ಕೂಲ್‌ನ ಪ್ರವೇಶ ಶುಲ್ಕ ಮತ್ತು ಪ್ರಯಾಣ ವೆಚ್ಚ ಕೊಡಿ. ಆ ಹಣವನ್ನು ಸೀಸನ್ ಶುರುವಾಗುವ ಮೊದಲೇ ತೆಗೆದಿಡಿ.

ಪಂದ್ಯಗಳನ್ನು ನೇರ ಪ್ರಸಾರ ಮಾಡುವುದಾದರೆ ಬೆಟ್ಟಿಂಗ್ ನಿಯಮವೂ ಬೇಕು. ಕಡಿಮೆ ಬಹುಮಾನದ ಪಂದ್ಯಗಳ ಮೇಲೆ ಬಾಜಿ ಕಟ್ಟುವವರು ಬಂದರೆ ಆಟಗಾರರಿಗೆ ಆಮಿಷ ಸುಲಭವಾಗಿ ತಲುಪುತ್ತದೆ. ಆಟಗಾರರು, ರೆಫ್ರಿಗಳು, ಸ್ಕೋರಿಂಗ್‌ನವರು ಯಾರೂ ಡಾರ್ಟ್ಸ್ ಮೇಲೆ ಬಾಜಿ ಕಟ್ಟುವಂತಿಲ್ಲ ಎಂಬ ಕಾಗದಕ್ಕೆ ನೋಂದಣಿಯ ದಿನವೇ ಸಹಿ ಹಾಕಿಸಿ, ಪ್ರತಿ ಲೆಗ್‌ನ ಸ್ಕೋರ್ ದಾಖಲೆಯನ್ನು ಅಳಿಸದೆ ಇಟ್ಟುಕೊಳ್ಳಿ.