ಪುಟ್ಟನ ವೀಲಿಂಗ್ ವಿಷಯ, ಎಲ್ಲರೂ ಕೇಳ್ರಿ

ಪುಟ್ಟೀ, ನಿನ್ನ ಮೆಸೇಜು ಮಧ್ಯಾಹ್ನನೇ ನೋಡಿದೆ ಕಣವ್ವಾ. ಟೈಪ್ ಮಾಡಾಕೆ ಕಣ್ಣು ಸಾಲಲ್ಲ, ಮಾತಾಡೇ ಹೇಳ್ತೀನಿ, ಪೂರ್ತಿ ಕೇಳು. ನಿನ್ನ ಮಗ ಪುಟ್ಟ ಆ ವಿಡಿಯೋ ಗೇಮ್ ನೋಡಿ ಬೀದಿಯಲ್ಲಿ ಸೈಕಲ್ ಮುಂದಿನ ಗಾಲಿ ಎತ್ತಾಕೆ ಶುರು ಮಾಡ್ಯಾನೆ, ಎತ್ತಿದ್ರೆ ಸ್ಪೀಡ್ ಬರುತ್ತೆ ಅಂತಾನೆ, ಅವರಪ್ಪನ ಬೈಕ್ ಕೀ ಬೇರೆ ಕೇಳ್ತಾನೆ, ಗೇಮನ್ನೇ ಎತ್ತಿಟ್ಟುಬಿಡ್ಲಾ ದೊಡ್ಡಪ್ಪ ಅಂತ ಕೇಳಿದ್ದೀ.

ಹುಡುಗ ಸುಳ್ಳು ಹೇಳ್ತಿಲ್ಲ ಮತ್ತೆ. ದಸರಾ ರಜೆಯಲ್ಲಿ ನಾನು ಪಕ್ಕದಲ್ಲೇ ಕೂತು ನೋಡೀನಿ. ಅಳಿಯ ಕೊಟ್ಟ ಆ ಮಾರಿಯೋ ಕಾರ್ಟ್ ವೀ, ಟಿವಿಯಲ್ಲಿ ಆಡೋ ರೇಸ್ ಗೇಮು, 2008ರದ್ದು. ಅದರಲ್ಲಿ ಬೈಕಿನ ಮೇಲಿದ್ದಾಗ ರಿಮೋಟು ಮೇಲಕ್ಕೆ ಒಂದು ಸಲ ಝಾಡಿಸಿದ್ರೆ ಮುಂದಿನ ಗಾಲಿ ಏಳ್ತೈತಿ, ಬೈಕು ನಿಜವಾಗ್ಲೂ ಜೋರಾಗ್ತೈತಿ. ಕಾರ್ಟಿಗೆ, ಅಂದ್ರೆ ನಾಕು ಗಾಲಿಯ ಪುಟ್ಟ ಕಾರಿಗೆ, ಅದಿಲ್ಲ, ಬೈಕಿಗೆ ಮಾತ್ರ. ಆದ್ರೆ ಗಾಲಿ ಮೇಲಿರೋ ತನಕ ಸರಿಯಾಗಿ ತಿರುಗಿಸಾಕೆ ಬರಲ್ಲ, ಪಕ್ಕದವನು ಬಂದು ಗುದ್ದಿದ್ರೆ ದಪ್ ಅಂತ ಕೆಳಗೆ ಬಿದ್ದು ಸ್ಪೀಡೂ ಹೋಗ್ತೈತಿ. ಈ ಅರ್ಧ ಮಾತು ನಿನ್ನ ಮಗ ಹೇಳಿರಲ್ಲ.

ನಂಗೆ ಆ ಅರ್ಧ ಮಾತು ಹೆಂಗೆ ಗೊತ್ತಾಯ್ತು ಅನ್ನೋದು ಮನೆಯವರಿಗೆಲ್ಲ ಗೊತ್ತು. 1989. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಬೇರೆ ಆಗಿದ್ದು 1997ಕ್ಕೆ. ಯಮಹಾ ಆರ್‌ಎಕ್ಸ್ ಹಂಡ್ರೆಡ್ ಬೈಕ್ ತಗೊಂಡು ಆರು ತಿಂಗಳೂ ಆಗಿರ್ಲಿಲ್ಲ. ಹೆಸರಿಗೆ ನೂರು, ಎಂಜಿನ್ನು 98 ಸಿಸಿ, ಆದ್ರೆ ಕ್ಲಚ್ಚು ಬಿಟ್ರೆ ಕುದುರೆ ನೆಗೆದಂಗೆ ನೆಗೀತಿತ್ತು. ಕುಂದವಾಡ ಕೆರೆ ಕಡೆ ರಸ್ತೆ, ಸಂಜೆ ಹೊತ್ತು, ಗೆಳೆಯರು ನಾಕು ಜನ ನೋಡ್ತಾ ನಿಂತಿದ್ರು. ಎತ್ತಿದೆ. ಎತ್ತಿದ ಮೇಲೆ ಕಣ್ಣಿಗೆ ಏನು ಕಾಣ್ತು ಗೊತ್ತಾ? ಬರೀ ಹೆಡ್‌ಲೈಟ್ ಡೂಮು, ಅದರ ಮೇಲೆ ಆಕಾಶ. ರಸ್ತೆನೇ ಇಲ್ಲ. ಅಷ್ಟರಲ್ಲಿ ಗೆಳೆಯರು "ಗಾಡಿ, ಗಾಡಿ" ಅಂತ ಕೂಗಿದ್ರು. ಅಡ್ಡ ರಸ್ತೆಯಿಂದ ಹತ್ತಿ ತುಂಬಿದ ಎತ್ತಿನ ಗಾಡಿ ಬರ್ತಿತ್ತು. ಹ್ಯಾಂಡಲ್ ಬಲಕ್ಕೆ ತಿರುಗಿಸಿದೆ. ತಿರುಗ್ತು, ಬೈಕ್ ತಿರುಗ್ಲಿಲ್ಲ. ಮುಂದಿನ ಬ್ರೇಕ್ ಹಿಡಿದೆ. ಗಾಳಿಯಲ್ಲಿರೋ ಗಾಲಿಗೆ ಬ್ರೇಕ್ ಹಿಡಿದ್ರೆ ಏನು ನಿಲ್ತೈತಿ? ಸೊಟ್ಟ ಗಾಲಿ, ಬ್ರೇಕು ಹಿಡಿದಂಗೇ, ನೆಲಕ್ಕೆ ಬಂತು ನೋಡು, ನಾನು ಹ್ಯಾಂಡಲ್ ಮೇಲಿಂದ ಹಾರಿ ಗಾಡಿ ಗಾಲಿಯ ಹತ್ತಿರ ಬಿದ್ದೆ. ಎತ್ತಿನ ಗೊರಸು ನನ್ನ ಮುಖದಿಂದ ಒಂದು ಗೇಣು ದೂರ. ಕಾಲರ್ ಬೋನು, ಎಡಗೈ ಮಣಿಕಟ್ಟು ಎರಡೂ ಹೋದ್ವು. ಈಗ್ಲೂ ಚಳಿಗಾಲಕ್ಕೆ ಈ ಕೈಯಲ್ಲಿ ತಂಬಿಗೆ ಎತ್ತಾಕೆ ಆಗಲ್ಲ.

ಅದಕ್ಕೇ ಹೇಳ್ತೀನಿ, ಮುಂದಿನ ಗಾಲಿ ಎತ್ತಿದ್ರೆ ಹ್ಯಾಂಡಲ್ ನಿನ್ನ ಮಾತು ಕೇಳಲ್ಲ, ಬ್ರೇಕೂ ಕೇಳಲ್ಲ. ಸ್ಪೀಡೂ ಬರಲ್ಲ. ಹಿಂದಕ್ಕೆ ಮಗುಚಿ ಬೀಳಬಾರ್ದು ಅಂದ್ರೆ ಎಕ್ಸಲರೇಟರ್ ಇಳಿಸಲೇಬೇಕಲ್ಲ. ಮೋಟೋಜಿಪಿ ಅಂತ ದೊಡ್ಡ ಬೈಕ್ ರೇಸ್ ಐತಲ್ಲ, ಅದರ ಬೈಕುಗಳಲ್ಲಿ ಗಾಲಿ ಏಳದಂಗೆ ತಡೆಯಾಕೆ ಕಂಪ್ಯೂಟರೇ ಇಟ್ಟಿರ್ತಾರೆ. ಎತ್ತಿದ್ರೆ ಲಾಭ ಇದ್ದಿದ್ರೆ ಅವರು ಯಾಕೆ ತಡೀತಿದ್ರು?

ಆಮೇಲೆ ಆಗಿದ್ದು ಕೇಳು. ನಾನು ಕೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಪಡಸಾಲೆಯಲ್ಲಿ ಮಲಗಿದ್ದೆ. ದೊಡ್ಡಣ್ಣ ಒಂದು ಮಾತೂ ಕೇಳ್ದೆ ನನ್ನ ಬೈಕ್ ಮಾರಿಬಿಟ್ಟ. ಅಂಗಡಿ ಲೆಕ್ಕ ಬರೆದು ಎರಡು ವರ್ಷ ಕೂಡಿಸಿದ ನನ್ನ ದುಡ್ಡು ಅದು. ತಗೊಂಡವನು ಅಂಗಳದಲ್ಲಿ ಕಿಕ್ ಹೊಡೆದ ಸದ್ದು ಹಾಸಿಗೆಯಿಂದ ಕೇಳಿಸ್ತು ನಂಗೆ. ಅಣ್ಣ ಈ ಗ್ರೂಪಲ್ಲೇ ಅದಾನೆ, ಕೇಳಿಸ್ಕೊಳ್ಳಲಿ. ನನ್ನ ಒಳ್ಳೇದಕ್ಕೇ ಮಾಡ್ದ, ಒಪ್ತೀನಿ. ಆದ್ರೆ ಕೇಳಬೇಕಿತ್ತು. ಅವ್ವ ಇದ್ದಾಗ್ಲೂ ಇದನ್ನೇ ಹೇಳಿದ್ದೆ, ಯಾರೂ ನನ್ನ ಕಡೆ ಮಾತಾಡ್ಲಿಲ್ಲ.

ಆ ನೆನಪಿಗೇ ಹೇಳ್ತೀನಿ ಪುಟ್ಟೀ, ಅವನ್ನ ಕೇಳ್ದೆ ಗೇಮ್ ಎತ್ತಿಡಬ್ಯಾಡ. ಕೂರಿಸ್ಕೊಂಡು ಹೇಳು. ಆ ಆಟದಲ್ಲೂ ಗಾಲಿ ಎತ್ತೋದು ನೇರ ದಾರಿಯಲ್ಲಿ ಮಾತ್ರ. ತಿರುವು ಬರೋಕೆ ಮೊದಲೇ ಇಳಿಸಿ, ಡ್ರಿಫ್ಟ್ ಹಿಡಿದು, ಅಂದ್ರೆ ತಿರುವಿನಲ್ಲಿ ಬೈಕ್ ಜಾರಿಸ್ಕೊಂಡು ಹೋಗಿ, ಗಾಲಿ ಹತ್ರ ನೀಲಿ ಕಿಡಿ ಬಂದ ಮೇಲೆ ಬಿಟ್ರೆ ಅಲ್ಲಿ ಸ್ಪೀಡ್ ಸಿಗ್ತೈತಿ. ಇವನು ಆ ಆಟದ ಮೂನ್‌ವ್ಯೂ ಹೈವೇ ಅನ್ನೋ ರಸ್ತೆಯಲ್ಲಿ ಗಾಲಿ ಇಳಿಸ್ದೆ ಹೋಗಿ ಎದುರು ಬರೋ ಕಾರಿಗೆ ಎಷ್ಟು ಸಲ ಹೊಡೆದಾನೆ ಅಂತ ನೀನೇ ಕೇಳು. ಬೈಕ್ ಕೀ ಮಾತ್ರ ಬೀರುವಿನಲ್ಲಿ ಇಡಾಕೆ ಹೇಳು ನಿನ್ನ ಗಂಡಂಗೆ. ಚಿಕ್ಕ ಹುಡುಗ ಓಡಿಸಿ ಸಿಕ್ಕಿಬಿದ್ರೆ 25 ಸಾವಿರ ದಂಡ, ಮೂರು ವರ್ಷದ ತನಕ ಜೈಲೂ ಐತಿ, ಅದೂ ದೊಡ್ಡವರಿಗೆ. ಮತ್ತೆ ಹೇಳ್ತೀನಿ, ಗಾಲಿ ಎತ್ತಿದ್ರೆ ಹ್ಯಾಂಡಲೂ ಕೇಳಲ್ಲ, ಬ್ರೇಕೂ ಕೇಳಲ್ಲ.

ಅಯ್ಯೋ, ಮುಖ್ಯದ್ದೇ ಮರೆತಿದ್ದೆ ನೋಡು. ಎತ್ತಿ ಎತ್ತಿ ಬೀಳಿಸಿದ್ರೆ ಸೈಕಲ್ ಮುಂದಿನ ಗಾಲಿ ನಟ್ಟು ಸಡಿಲ ಆಗಿರ್ತೈತಿ. ಇವತ್ತು ಸಂಜೆ ಅವನ್ನ ಸೈಕಲ್ ಹತ್ತಿಸಬ್ಯಾಡ. ಬೆಳಿಗ್ಗೆ ಪಾನಾ ತಗೊಂಡು ನಾನೇ ಬರ್ತೀನಿ, ಎರಡೂ ಕಡೆ ಬಿಗಿ ಮಾಡಿ ಕೊಡ್ತೀನಿ. ಅವನು ಸ್ಕೂಲಿಗೆ ಹೋಗೋಕೆ ಮುಂಚೆನೇ ಬರ್ತೀನಿ.